ಸಾಬೂನು ಚಲೋ ಇದೆ, ಒಳಗಿನ ಚೀಟಿ ಸರಿಯಿಲ್ಲ

ಪೂರ್ತಿ ಓದಲು ಟೈಮ್ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಬೆಳಗಾವಿಯ ಶಹಾಪುರದಲ್ಲಿ ಒಬ್ಬ ಅಕ್ಕ ಮನೆಯಲ್ಲೇ ಮಾಡಿ ಮಾರುವ ಸಾಬೂನು ಚೆನ್ನಾಗಿದೆ. ಕೊಬ್ಬರಿ ಎಣ್ಣೆಯದನ್ನು ಕಣ್ಣುಮುಚ್ಚಿ ತಗೊಳ್ಳಿ. ಕುಸುಬಿ ಎಣ್ಣೆಯದನ್ನು ನಿಮ್ಮ ಮನೆಯ ನೀರು ಎಂಥದ್ದು ಅಂತ ನೋಡಿಕೊಂಡು ತಗೊಳ್ಳಿ. ಪೊಟ್ಟಣದ ಒಳಗೆ ಒಂದು ಚೀಟಿ ಇಟ್ಟಿರುತ್ತಾರೆ, ಅದರಲ್ಲಿ ಸಾಬೂನು ಅನ್ನೋ ಮಾತು ಎಲ್ಲಿಂದ ಬಂತು ಅಂತ ಒಂದು ಕಥೆ ಇದೆ. ಅದನ್ನು ಮಾತ್ರ ನಂಬಬೇಡಿ.

ಈಗ ವಿವರ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ತವರು ವಿಜಯಪುರ, ಕೆಲಸ ಬೆಳಗಾವಿ. ದಿನಾ ಚಾಕ್‌ಪೀಸ್ ಹಿಡಿದು ಬೆರಳ ತುದಿ ಒಣಗುತ್ತವೆ, ಚಳಿಗಾಲದಲ್ಲಂತೂ ಸೀಳು ಬಿಟ್ಟು ರಕ್ತ ಬರುತ್ತದೆ. ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ತಮ್ಮ ಕೈ ತೋರಿಸಿ ಈ ಅಂಗಡಿ ಹೇಳಿದರು. ಅಂದಿನಿಂದ ಮೂರು ತಿಂಗಳಲ್ಲಿ ಒಂಬತ್ತು ಸಾಬೂನು ತಂದಿದ್ದೇನೆ, ಆರು ಮುಗಿಸಿದ್ದೇನೆ. ಒಂದು ಸಲ ತೊಳೆದು ನೋಡಿ ಬರೆದ ಅಭಿಪ್ರಾಯ ಇದಲ್ಲ.

ಅಂಗಡಿಗೆ ಬೋರ್ಡ್ ಇಲ್ಲ. ನಾಥ ಪೈ ಸರ್ಕಲ್ ಹತ್ತಿರ ಬಂದು ಸಾಬೂನು ಮಾಡುವ ಅಕ್ಕಾರ ಮನೆ ಎಲ್ಲಿ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಹಳೇ ಮನೆ, ಮುಂದಿನ ಪಡಸಾಲೆಯೇ ಅಂಗಡಿ, ಹಿಂದಿನ ಕೋಣೆಯಲ್ಲಿ ಮಾಡುವ ಕೆಲಸ. ಒಳಗೆ ಕಾಲಿಟ್ಟರೆ ಸೆಂಟಿನ ಘಾಟು ಹೊಡೆಯುವುದಿಲ್ಲ, ಗಾಣದ ಮನೆಗೆ ಹೋದಾಗ ಬರುತ್ತದಲ್ಲ, ಆ ಥರದ ಎಣ್ಣೆ ವಾಸನೆ. ಕೊಬ್ಬರಿ, ಕುಸುಬಿ, ಬೇವು ಅಂತ ಮೈಗೆ ಹಚ್ಚುವ ಮೂರು ಬಗೆ, ಬಟ್ಟೆಗೆ ಒಂದು ಬಗೆ. 100 ಗ್ರಾಮಿನ ಕೊಬ್ಬರಿ ಸಾಬೂನಿಗೆ 90 ರೂಪಾಯಿ, ಬೇವಿನದಕ್ಕೆ 100, ಕುಸುಬಿಯದಕ್ಕೆ 110. ಬಟ್ಟೆಯದು 40. ಕಿರಾಣಿ ಅಂಗಡಿಯ ಸಾಬೂನಿಗೆ ಹೋಲಿಸಿದರೆ ಜಾಸ್ತಿ, ಸುಳ್ಳು ಹೇಳುವುದಿಲ್ಲ. ಆದರೆ ಎಣ್ಣೆಯ ರೇಟು ಗೊತ್ತಿದ್ದವರಿಗೆ ಈ ಬೆಲೆ ಯಾಕೆ ಅಂತ ಗೊತ್ತಾಗುತ್ತದೆ.

ಒಂದು ಶನಿವಾರ ಶಾಲೆ ಬೇಗ ಬಿಟ್ಟಿತ್ತು, ಅಕ್ಕ ಹಿಂದಿನ ಕೋಣೆಗೆ ಕರೆದು ಮಾಡುವುದನ್ನು ತೋರಿಸಿದರು. ಒಲೆ ಇಲ್ಲ, ಕುದಿಸುವುದಿಲ್ಲ. ಒಂದು ಕಡೆ ತೂಕ ಮಾಡಿದ ಎಣ್ಣೆ, ಇನ್ನೊಂದು ಕಡೆ ಕಾಸ್ಟಿಕ್ ಸೋಡಾ ಕರಗಿಸಿದ ನೀರು. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಸುರಿಯಬಾರದು, ಸುರಿದರೆ ಸಿಡಿಯುತ್ತದೆ ಅಂತ ಎರಡೆರಡು ಸಲ ಹೇಳಿದರು. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 180 ಗ್ರಾಂ ಸೋಡಾ ಬೇಕು, ಅಷ್ಟೇ ಕುಸುಬಿ ಎಣ್ಣೆಗೆ ಸುಮಾರು 135 ಗ್ರಾಂ ಸಾಕು. ಎಣ್ಣೆ ಬದಲಾದರೆ ಲೆಕ್ಕ ಬದಲಾಗುತ್ತದೆ. ಅಕ್ಕ ಅದಕ್ಕೂ ಕೈ ಹಿಡಿದು ಸ್ವಲ್ಪ ಕಡಿಮೆಯೇ ಹಾಕುತ್ತಾರೆ, ಒಂಚೂರು ಎಣ್ಣೆ ಹಾಗೇ ಉಳಿಯಲಿ ಅಂತ. ಎರಡನ್ನೂ ಕೂಡಿಸಿ ಕಡೆಯುತ್ತಾ ಹೋದರೆ ಮೊದಲು ಮಜ್ಜಿಗೆ ಹಾಗೆ ಇದ್ದದ್ದು ಆಮೇಲೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಆಗ ಕಟ್ಟಿಗೆಯ ಅಚ್ಚಿಗೆ ಸುರಿಯುತ್ತಾರೆ. ಮರುದಿನ ಕೊಯ್ದು, ಗೋಡೆಯ ಪಕ್ಕದ ರ‍್ಯಾಕಿನಲ್ಲಿ ಐದು ವಾರ ಆರಲು ಬಿಡುತ್ತಾರೆ.

“ಐದು ವಾರ ಯಾಕ್ರಿ ಅಕ್ಕಾ, ಮರುದಿನಾನ ಮಾರಬಹುದಲ್ಲ?” ಅಂದೆ.

“ಅವಸರ ಮಾಡಿದ್ರ ಮೈ ಉರಿತೈತ್ರಿ ಟೀಚರ್. ಮಂದಿ ಒಂದ್ಸಲ ಉರಿಸ್ಕೊಂಡ್ರ ಮತ್ತ ಈ ಕಡಿ ಹಾಯೋದಿಲ್ಲ.”

ಈ ಮಾತು ನನಗೆ ಹಿಡಿಸಿತು. ಸಾಬೂನು ಹಿಡಿಸಲು ಇದೂ ಒಂದು ಕಾರಣ.

ಕೊಬ್ಬರಿ ಸಾಬೂನು ಬೆಳ್ಳಗೆ, ಗಟ್ಟಿಯಾಗಿ, ತುಸು ಪೇಡೆಯ ಬಣ್ಣಕ್ಕೆ ತಿರುಗಿರುತ್ತದೆ. ನೊರೆ ದೊಡ್ಡದು, ಬೇಗ ಬರುತ್ತದೆ. ಒಂದು ಸಾಬೂನು ಇಬ್ಬರಿಗೆ ಮೂರು ವಾರ ಬಂತು. ಕುಸುಬಿಯದು ಮೆತ್ತಗೆ, ಅದರ ನೊರೆ ಕೆನೆಯ ಹಾಗೆ, ಸಣ್ಣ ಗುಳ್ಳೆ. ನನ್ನ ಬೆರಳಿಗೆ ಸುಖ ಕೊಟ್ಟದ್ದು ಇದೇ, ಎರಡನೇ ವಾರಕ್ಕೆ ಸೀಳು ಕೂಡಿಕೊಂಡವು. ಬೇವಿನದರ ವಾಸನೆ ನನಗೆ ಆಗಲಿಲ್ಲ. ಬೇವು ಬೇಕು ಅನ್ನುವವರಿಗೆ ಆ ವಾಸನೆಯೂ ಬೇಕಾಗಿರುತ್ತದೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಅದೇ ಶನಿವಾರ ಅಕ್ಕ ಗಿರಾಕಿ ಬಂದರು ಅಂತ ಹೊರಗೆ ಹೋದಾಗ ನಾನು ಪಡಸಾಲೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಅರ್ಧ ತಾಸಿನಲ್ಲಿ ಐದು ಜನ ಬಂದು ಹೋದರು. ಮೊದಲು ಒಬ್ಬ ಅಜ್ಜಿ, ಕಾಸೆ ಹಾಕಿ ಸೀರೆ ಉಟ್ಟವರು, ಮರಾಠಿಯಲ್ಲಿ “ದೋನ್ ಸಾಬಣ ದ್ಯಾ” ಅಂದರು. ಅವರ ಹಿಂದೆ ಸ್ಕೂಟರ್ ನಿಲ್ಲಿಸಿ ಬಂದ ಹುಡುಗ ಅಮ್ಮನಿಗೆ ಫೋನ್ ಹಚ್ಚಿ ಉರ್ದುವಿನಲ್ಲಿ ಯಾವ ಸಾಬುನ್ ಬೇಕು ಅಂತ ಕೇಳಿದ. ಗೋವಾದಿಂದ ಮದುವೆಗೆ ಬಂದಿದ್ದ ಇಬ್ಬರು ಹೆಣ್ಣುಮಕ್ಕಳು ತಮ್ಮತಮ್ಮಲ್ಲಿ ಕೊಂಕಣಿಯಲ್ಲಿ ಸಾಬು, ಸಾಬು ಅನ್ನುತ್ತಾ ಒಂದೊಂದನ್ನೂ ಮೂಸಿ ನೋಡಿದರು. ಕೊನೆಗೆ ಇಲ್ಲಿ ಕಾಲೇಜು ಓದುವ ಮಂಡ್ಯ ಕಡೆಯ ಹುಡುಗಿ, “ಆಂಟಿ, ಸೋಪ್ ಕೊಡಿ” ಅಂದಳು. ಅಕ್ಕ ಎಲ್ಲರಿಗೂ ಅವರವರ ಮಾತಿನಲ್ಲೇ ಉತ್ತರ ಕೊಟ್ಟರು. ನಾನು ಹೋದ ದಿನ “ಸಾಬೂನ ಕೊಡ್ರಿ” ಅಂದಿದ್ದೆ. ಸಾಬಣ, ಸಾಬುನ್, ಸಾಬು, ಸಾಬೂನು, ಸೋಪು. ಐದೂ ಒಂದೇ ಮಾತು! ಮಂಡ್ಯದ ಹುಡುಗಿಯ ಸೋಪು ಕೂಡ ಬೇರೆ ಅಲ್ಲ, ಅದೂ ಇದೇ ಬಳ್ಳಿಯ ಕಾಯಿ. ಮರಾಠಿ, ಉರ್ದು, ಕೊಂಕಣಿ ಒಂದು ಕುಟುಂಬದವು ಅನ್ನಿ, ಕನ್ನಡ ಅವುಗಳಿಗೆ ನೆಂಟ ಅಲ್ಲವೇ ಅಲ್ಲ. ಆದರೂ ಬಚ್ಚಲಿಗೆ ಬಂದರೆ ಎಲ್ಲರ ಬಾಯಲ್ಲೂ ಅದೇ.

ಮನೆಗೆ ಬಂದು ಪೊಟ್ಟಣ ಬಿಚ್ಚಿ ಚೀಟಿ ಓದಿದ್ದು ಅವತ್ತೇ. ಅದರಲ್ಲಿದ್ದದ್ದು ಇಷ್ಟು: ರೋಮ್ ಹತ್ತಿರ ಸಾಪೋ ಅಂತ ಒಂದು ಬೆಟ್ಟ ಇತ್ತು, ಅದರ ಮೇಲೆ ಪ್ರಾಣಿ ಬಲಿ ಕೊಡುತ್ತಿದ್ದರು, ಆ ಕೊಬ್ಬು ಮತ್ತು ಬೂದಿ ಮಳೆನೀರಲ್ಲಿ ಕೂಡಿ ಕೆಳಗಿನ ಹೊಳೆಗೆ ಹರಿದು ಬಂತು, ಅಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಬಟ್ಟೆ ಸುಲಭವಾಗಿ ಸ್ವಚ್ಛ ಆಗುವುದು ಕಂಡಿತು, ಹಾಗಾಗಿ ಬೆಟ್ಟದ ಹೆಸರೇ ಸಾಬೂನಿಗೆ ಬಂತು.

ಕೇಳಲು ಚೆಂದದ ಕಥೆ. ಇದು ಅಕ್ಕ ಕಟ್ಟಿದ್ದಲ್ಲ, ಎಷ್ಟೋ ಸಾಬೂನಿನ ಪೊಟ್ಟಣಗಳ ಮೇಲೆ, ಪುಸ್ತಕಗಳಲ್ಲಿ ಕೂಡ ಸಿಗುತ್ತದೆ. ಆದರೆ ಅಂಥ ಬೆಟ್ಟವೇ ಇಲ್ಲ. ರೋಮ್ ಸುತ್ತ ಸಾಪೋ ಹೆಸರಿನ ಬೆಟ್ಟವನ್ನು ಹಳಬರು ಯಾರೂ ಹೇಳಿಲ್ಲ. ಅದೂ ಅಲ್ಲದೆ ಬಲಿ ಕೊಟ್ಟ ಮೇಲೆ ಮಾಂಸ ಕೊಬ್ಬು ಎಲ್ಲ ಜನ ಉಣ್ಣುತ್ತಿದ್ದರು, ಹೊಳೆಗೆ ಹರಿಯುವಷ್ಟು ಕೊಬ್ಬು ಎಲ್ಲಿ ಉಳಿಯಬೇಕು? ನನಗೆ ಬೇಜಾರಾದದ್ದು ಕಥೆ ಸುಳ್ಳು ಅನ್ನೋದಕ್ಕಿಂತ, ನಿಜವಾದ ಕಥೆ ಇದಕ್ಕಿಂತ ಎಷ್ಟೋ ಚೆಂದ ಇರುವಾಗ ಅದನ್ನು ಬಿಟ್ಟರಲ್ಲ ಅನ್ನೋದಕ್ಕೆ.

ರೋಮನ್ನರಿಗೆ ಸಾಬೂನು ತಮ್ಮದಾಗಿರಲೇ ಇಲ್ಲ. ಅವರು ಮೈಗೆ ಎಣ್ಣೆ ಹಚ್ಚಿ, ಬಾಗಿದ ಲೋಹದ ಪಟ್ಟಿಯಿಂದ ಕೊಳೆ ಕೆರೆದು ತೆಗೆದು ಜಳಕ ಮಾಡುತ್ತಿದ್ದವರು. ಕ್ರಿ.ಶ. 77ರ ಸುಮಾರಿಗೆ ರೋಮಿನ ಲೇಖಕ ಹಿರಿಯ ಪ್ಲಿನಿ ತನ್ನ ದೊಡ್ಡ ಗ್ರಂಥದಲ್ಲಿ ಸಾಪೋ ಅನ್ನುವ ಮಾತು ಬರೆದಿದ್ದಾನೆ. ಇದು ಈಗಿನ ಫ್ರಾನ್ಸ್ ಕಡೆಯ ಗಾಲ್ ಜನ ಕಂಡುಹಿಡಿದದ್ದು, ಕೂದಲು ಕೆಂಪಗೆ ಮಾಡಿಕೊಳ್ಳಲು ಬಳಸುತ್ತಾರೆ, ಕೊಬ್ಬು ಮತ್ತು ಬೂದಿಯಿಂದ ಮಾಡುತ್ತಾರೆ, ಆಡಿನ ಕೊಬ್ಬು ಮತ್ತು ಬೀಚ್ ಮರದ ಬೂದಿ ಆದರೆ ಎಲ್ಲಕ್ಕಿಂತ ಒಳ್ಳೆಯದು, ಜರ್ಮನ್ನರಲ್ಲಿ ಹೆಂಗಸರಿಗಿಂತ ಗಂಡಸರೇ ಇದನ್ನು ಹೆಚ್ಚು ಹಚ್ಚುತ್ತಾರೆ, ಅಂತ. ನೋಡಿ, ಮೈ ತೊಳೆಯುವ ಮಾತೇ ಇಲ್ಲ, ತಲೆಗೆ ಹಚ್ಚುವ ಬಣ್ಣ! ಸಾಪೋ ಅನ್ನುವುದು ಉತ್ತರದ ಆ ಜರ್ಮಾನಿಕ್ ಜನರ ಮಾತು, ರೋಮನ್ನರು ಸಾಮಾನಿನ ಜೊತೆ ಹೆಸರನ್ನೂ ತಗೊಂಡರು. ಅದೇ ಬೇರಿನಿಂದ ಇಂಗ್ಲಿಷಿನ ಸೋಪ್, ಜರ್ಮನ್ನಿನ ಝೈಫ಼ೆ ಬಂದವು. ಅಂದರೆ ಇಂಗ್ಲಿಷಿಗೆ ಇದು ಮನೆಯ ಮಾತು, ಲ್ಯಾಟಿನ್ನಿಗೆ ಕಡ ತಂದದ್ದು.

ಲ್ಯಾಟಿನ್ನಿನಿಂದ ಗ್ರೀಕಿಗೆ ಹೋಗಿ ಸಾಪೋನ್ ಆಯಿತು. ಅಲ್ಲಿಂದ ಅರಬ್ಬಿಗೆ. ಅರಬ್ಬಿಯಲ್ಲಿ ಪಕಾರ ಇಲ್ಲ, ಪ ಇದ್ದಲ್ಲಿ ಬ ಹಾಕುತ್ತಾರೆ, ಹಾಗೆ ಸಾಬೂನ್. ಸಿರಿಯಾದ ಅಲೆಪ್ಪೊ, ಪ್ಯಾಲೆಸ್ಟೈನಿನ ನಾಬ್ಲುಸ್ ಊರುಗಳಲ್ಲಿ ಆಲಿವ್ ಎಣ್ಣೆಯ ಗಟ್ಟಿ ಸಾಬೂನು ಮಾಡುವ ಕಸುಬು ಬೆಳೆಯಿತು, ಇವತ್ತಿಗೂ ಇದೆ. ಅರಬ್ಬಿಯಿಂದ ಫಾರ್ಸಿ, ಫಾರ್ಸಿಯಿಂದ ನಮ್ಮ ದೇಶದ ಭಾಷೆಗಳು. ಇದು ಒಂದು ದಾರಿ.

ಇನ್ನೊಂದು ದಾರಿ ಗೋವಾದ್ದು. ಲ್ಯಾಟಿನ್ನಿನ ಅದೇ ಮಾತು ಪೋರ್ಚುಗೀಸಿನಲ್ಲಿ ಸಬಾಂವ್ ಅನ್ನುವ ಹಾಗೆ ಆಗಿದೆ. ಅಲ್ಲೂ ಪ ಹೋಗಿ ಬ ಬಂದಿದೆ, ಆದರೆ ಕಾರಣ ಬೇರೆ, ಆ ಭಾಷೆಯಲ್ಲಿ ಎರಡು ಸ್ವರಗಳ ನಡುವಿನ ಪ ಮೆತ್ತಗಾಗಿ ಬ ಆಗುತ್ತಾ ಬಂದಿತ್ತು. ಎರಡೂ ಕಡೆ ಬ ಇರುವುದರಿಂದಲೇ ನಮ್ಮ ಸಾಬೂನು ಯಾವ ದಾರಿಯಿಂದ ಬಂತು ಅಂತ ಜಗಳ. ನಮ್ಮ ಸ್ಟಾಫ್ ರೂಮಿನಲ್ಲೇ ಇದರ ಮೇಲೆ ಒಂದು ಮಧ್ಯಾಹ್ನ ಹೋಯಿತು. ಸಮಾಜ ಪಾಠದ ಸರ್ ಹೇಳಿದ್ದು, “ಬಚ್ಚಲದಾಗ ಬಾಲ್ದಿ ಐತಿ, ತುವಾಲ ಐತಿ, ಎರಡೂ ಪೋರ್ಚುಗೀಸ್. ಹಂಗಾದ್ರ ಸಾಬೂನ ಒಂದ ಬ್ಯಾರೆ ಕಡಿಂದ ಯಾಕ್ ಬರ್ತೈತ್ರಿ?”

ಒಳ್ಳೇ ಪ್ರಶ್ನೆ. ಪಗಾರ, ಚಾವಿ, ಬಟಾಟೆ, ಅಲಮಾರಿ ಎಲ್ಲ ಆ ಕಡೆಯಿಂದಲೇ ಬಂದವು, ನಮ್ಮ ಬೆಳಗಾವಿಗೆ ಗೋವಾ ಎಷ್ಟು ದೂರ ಹೇಳಿ. ಆದರೂ ಸಾಬೂನಿನ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಪೋರ್ಚುಗೀಸಿನ ಇನ್ನೆರಡು ಇಂಥದ್ದೇ ಮಾತು ನೋಡಿ. ಬ್ರೆಡ್ಡಿಗೆ ಅವರು ಪಾಂವ್ ಅನ್ನುತ್ತಾರೆ, ನಮಗೆ ಅದು ಪಾವ್ ಆಯಿತು. ಹರಾಜಿಗೆ ಲೈಲಾಂವ್ ಅನ್ನುತ್ತಾರೆ, ನಮಗೆ ಲಿಲಾವು ಆಯಿತು. ಅದೇ ಲೆಕ್ಕದಲ್ಲಿ ಸಬಾಂವ್ ಬಂದಿದ್ದರೆ ನಾವು ಸಾಬಾವು ಅನ್ನಬೇಕಿತ್ತು. ಅನ್ನುವುದಿಲ್ಲ. ನಮ್ಮ ಬಾಯಲ್ಲಿ ಬೂ ಉದ್ದ ಇದೆ, ಕೊನೆಗೆ ಗಟ್ಟಿಯಾಗಿ ನಕಾರ ಕೂತಿದೆ, ಅರಬ್ಬಿ ಸಾಬೂನ್ ಇದ್ದ ಹಾಗೇ. ಇನ್ನೊಂದು ಸಾಕ್ಷಿಯೂ ಇದೆ. 1469ರಿಂದ 1539ರವರೆಗೆ ಬಾಳಿದ ಗುರು ನಾನಕರ ಜಪ್‌ಜಿ ಅನ್ನುವ ಪ್ರಾರ್ಥನೆಯಲ್ಲಿ ಹೊಲಸಾದ ಬಟ್ಟೆಯನ್ನು ಸಾಬೂನು ಹಚ್ಚಿ ತೊಳೆಯುವ ಮಾತು ಬರುತ್ತದೆ. ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ್ದು 1498ರಲ್ಲಿ, ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅಷ್ಟರೊಳಗೆ ಆ ಮಾತು ಪಂಜಾಬಿನ ಸಾಮಾನ್ಯ ಜನರಿಗೆ ಉಪಮೆಯಾಗುವಷ್ಟು ಬಳಕೆಗೆ ಬರಬೇಕಾದರೆ ಅದು ಸಮುದ್ರದ ದಾರಿಯಿಂದ ಬಂದದ್ದಲ್ಲ, ಫಾರ್ಸಿ ಮಾತಾಡುವವರ ಜೊತೆ ನೆಲದ ದಾರಿಯಿಂದ ಬಂದದ್ದು.

ಇನ್ನು ನಮ್ಮ ಕಡೆಗೆ ಬಂದರೆ, ಗೋವಾವನ್ನು ಪೋರ್ಚುಗೀಸರು ಕಿತ್ತುಕೊಂಡದ್ದು ಯಾರ ಕೈಯಿಂದ? ನಮ್ಮ ವಿಜಯಪುರದ ಆದಿಲ್‌ಶಾಹಿಗಳ ಕೈಯಿಂದ. 1490ರಿಂದ 1686ರವರೆಗೆ ಆಳಿದ ಅವರ ದರ್ಬಾರಿನಲ್ಲಿ ಫಾರ್ಸಿ ನಡೆಯುತ್ತಿತ್ತು. ಗೋಳಗುಮ್ಮಟ ಕಟ್ಟಿದವರ ಊರಿನಲ್ಲಿ ಹುಟ್ಟಿದವಳಾಗಿ ನನಗೆ ಈ ದಾರಿಯೇ ಸರಿ ಅನ್ನಿಸುತ್ತದೆ, ಅಭಿಮಾನಕ್ಕೆ ಅಲ್ಲ, ಆ ನಕಾರಕ್ಕೆ. ಗೋವಾದವರ ಸಾಬುವಿನಲ್ಲಿ ಪೋರ್ಚುಗೀಸರ ಕೈ ಇದ್ದೀತು, ಅದು ಬೇರೆ ಮಾತು. ಮಂಡ್ಯದ ಹುಡುಗಿಯ ಸೋಪು ಮೂರನೇ ದಾರಿ, ಇಂಗ್ಲಿಷರದು. ಹೀಗೆ ಗಾಲ್ ಜನರ ತಲೆಬಣ್ಣದ ಹೆಸರು ಮೂರು ಕಡೆ ಸುತ್ತಿ ಬಂದು ಶಹಾಪುರದ ಒಂದೇ ಪಡಸಾಲೆಯಲ್ಲಿ ಸೇರಿತು ನೋಡಿ.

ಹೊರಗಿನ ಭಾಷೆಗಳನ್ನು ನೋಡುತ್ತಾ ಹೋದರೆ ಇನ್ನೂ ಬೆರಗು. ತುರ್ಕಿಯಲ್ಲಿ ಸಾಬುನ್. ಮಲಯ, ಇಂಡೋನೇಷ್ಯಾದಲ್ಲಿ ಸಾಬುನ್. ಆಫ್ರಿಕಾದ ಸ್ವಾಹಿಲಿಯಲ್ಲಿ ಸಬುನಿ, ಅಲ್ಲಿಗೆ ಅರಬ್ ವ್ಯಾಪಾರಿಗಳು ಒಯ್ದದ್ದು. ಫಿಲಿಪೀನ್ಸಿನಲ್ಲಿ ಸಬೋನ್, ಅದು ಸ್ಪ್ಯಾನಿಷರು ಕೊಟ್ಟದ್ದು. ವಿಯೆಟ್ನಾಮಿನಲ್ಲಿ ಸಾ ಫೋಂಗ್, ಫ್ರೆಂಚರ ಸಾವೊಂ ಅಲ್ಲಿಯ ನಾಲಿಗೆಗೆ ಹೀಗೆ ಒಗ್ಗಿತು. ಫಿನ್‌ಲೆಂಡಿನಲ್ಲಿ ಸೈಪ್ಪುವಾ, ಹಂಗೇರಿಯಲ್ಲಿ ಸಪ್ಪನ್, ಜಾರ್ಜಿಯಾದಲ್ಲಿ ಸಪೋನಿ. ಈ ಭಾಷೆಗಳನ್ನೆಲ್ಲ ಒಂದು ಕಡೆ ಕೂರಿಸಿದರೆ ಹೆಚ್ಚಿನವಕ್ಕೆ ಒಂದಕ್ಕೊಂದು ಹಾಲು ಸಂಬಂಧ ಇಲ್ಲ, ನೆತ್ತರು ಸಂಬಂಧ ಇಲ್ಲ. ಸಂತೆಯ ಸಂಬಂಧ ಅಷ್ಟೇ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜಪಾನಿನದು. ಪೋರ್ಚುಗೀಸರು ಅಲ್ಲಿಗೆ 1543ರಲ್ಲಿ ಹೋದರು, ಮಾತು ಶಬೋನ್ ಅಂತ ಉಳಿಯಿತು. ಈಗ ಅಲ್ಲಿ ಸಾಬೂನಿಗೆ ಸೆಕ್ಕೆನ್ ಅನ್ನುತ್ತಾರೆ, ಆದರೆ ಮಕ್ಕಳು ಊದಿ ಹಾರಿಸುವ ಸಾಬೂನಿನ ಗುಳ್ಳೆಗೆ ಮಾತ್ರ ಇನ್ನೂ ಶಬೋನ್‌ದಮಾ ಅನ್ನುತ್ತಾರೆ. ಸಾಬೂನಿನಿಂದ ಹೋದ ಹೆಸರು ಗುಳ್ಳೆಯಲ್ಲಿ ಉಳಿದುಕೊಂಡಿದೆ.

ಎಲ್ಲರೂ ಈ ಮಾತು ತಗೊಂಡರು ಅಂತಲ್ಲ. ರಷ್ಯನ್ನರು ತೊಳೆಯುವುದು ಅನ್ನುವ ತಮ್ಮ ಕ್ರಿಯಾಪದದಿಂದಲೇ ಮಿಲೊ ಅಂತ ಮಾಡಿಕೊಂಡರು. ಚೀನಾದಲ್ಲಿ ಫೇಝಾವ್ ಅನ್ನುತ್ತಾರೆ, ಅದರಲ್ಲಿರುವ ಝಾವ್ ಒಂದು ಮರದ ಕಾಯಿಯ ಹೆಸರು, ನಮ್ಮ ಸೀಗೇಕಾಯಿ ಥರ ನೊರೆ ಕೊಡುವ ಕಾಯಿ. ತಮ್ಮ ಹಿತ್ತಲಲ್ಲಿ ನೊರೆ ಇದ್ದವರು ಹೆಸರಿಗೆ ಹೊರಗೆ ಹೋಗಲಿಲ್ಲ. ನಮ್ಮ ಹಿತ್ತಲಲ್ಲೂ ಇತ್ತಲ್ಲ, ಸೀಗೆ, ಅಂಟವಾಳ? ಆದರೂ ನಾವು ಹೊಸ ಸಾಮಾನಿಗೆ ಹೊಸ ಹೆಸರು ತಗೊಂಡು, ಹಳೆಯದನ್ನು ಹಳೇ ಹೆಸರಲ್ಲೇ ಬಿಟ್ಟೆವು.

ಇದನ್ನು ಬರೆಯುವಾಗ ಅವ್ವ ನೆನಪಾಗುತ್ತಾಳೆ, ಯಾಕೆಂದರೆ ಸಾಬೂನಿನ ನಿಜವಾದ ಪರೀಕ್ಷೆ ನಡೆದದ್ದು ಅವಳ ಬಚ್ಚಲಲ್ಲಿ. ದೀಪಾವಳಿ ರಜೆಗೆ ಊರಿಗೆ ಹೋಗುವಾಗ ಎರಡು ಕೊಬ್ಬರಿ, ಒಂದು ಕುಸುಬಿ ಸಾಬೂನು ತಗೊಂಡು ಹೋದೆ. ವಿಜಯಪುರದಲ್ಲಿ ನಮ್ಮ ಮನೆಯ ಬೋರಿನ ನೀರು ಸವಳು. ಕುಡಿಯಲು ಬರುವುದಿಲ್ಲ, ಬೇಳೆ ಬೇಯುವುದಿಲ್ಲ, ಬಾಲ್ದಿಯ ಒಳಗೆ ವರ್ಷದಲ್ಲಿ ಬಿಳಿ ಪದರು ಕಟ್ಟುತ್ತದೆ. ಬೆಳಗಾವಿಯ ನಳದ ನೀರಲ್ಲಿ ಕೆನೆಯ ಹಾಗೆ ನೊರೆ ಕೊಟ್ಟ ಕುಸುಬಿ ಸಾಬೂನು ಇಲ್ಲಿ ಸೋತುಹೋಯಿತು. ಉಜ್ಜಿದಷ್ಟೂ ನೊರೆ ಇಲ್ಲ, ಮೈಮೇಲೆ ಜಿಗುಟು, ನೀರಿನ ಮೇಲೆ ಬಿಳಿ ಗಸಿ. ಅದು ಸಾಬೂನಿನ ಮೋಸ ಅಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನನ್ನು ಹಿಡಿದು ಕರಗದ ಗಸಿ ಮಾಡುತ್ತವೆ, ಅವು ಮುಗಿದ ಮೇಲೆಯೇ ನೊರೆ ಏಳುವುದು. ಕೊಬ್ಬರಿ ಸಾಬೂನು ಅದೇ ನೀರಲ್ಲಿ ಗೆದ್ದಿತು. ಬೆಳಗಾವಿಯಷ್ಟಲ್ಲ, ಆದರೂ ಸಾಕಷ್ಟು ನೊರೆ. ಕೊಬ್ಬರಿ ಎಣ್ಣೆಯ ಸಾಬೂನು ಸಮುದ್ರದ ಉಪ್ಪು ನೀರಲ್ಲೂ ನೊರೆ ಕೊಡುತ್ತದೆ, ಅದಕ್ಕೇ ಹಿಂದೆ ಹಡಗಿನವರು ಅದನ್ನೇ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ ವಿಜಯಪುರ, ಬಾಗಲಕೋಟೆ ಕಡೆ ಬೋರಿನ ನೀರಿನ ಮೇಲೆ ಇರುವವರು ಸುಮ್ನೆ ಕೊಬ್ಬರಿಯದನ್ನೇ ತಗೊಳ್ಳಿ.

ಅವ್ವ ಸಾಬೂನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಬಟ್ಟಿಗೂ ಹಚ್ಚಬಹುದೇನs ಇದನ್ನ? ನನ್ನ ಇಳಕಲ್ ಸೀರಿಗೆ ಹಚ್ಚೂದಿಲ್ಲ ಮತ್ತ ನಾ” ಅಂದಳು. ಅವಳ ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ ಇವತ್ತಿಗೂ ಅಂಟವಾಳಕಾಯಿಯೇ. ಕಾಯಿ ಒಡೆದು ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಕೈಯಿಂದ ಹಿಚುಕುತ್ತಾಳೆ. ಕಂದು ಬಣ್ಣದ ನೀರು, ಮೇಲೆ ಬೆಳ್ಳನೆ ನೊರೆ. ಸೀರೆಯನ್ನು ಅದರಲ್ಲಿ ಅದ್ದಿ ತೆಗೆದು, ಹಿಂಡದೆ ನೆರಳಲ್ಲಿ ಹಾಕುತ್ತಾಳೆ. ನಾನು ಹತ್ತಿರ ಕೂತು ನೋಡಿದೆ, ಸೆರಗಿನ ಕೆಂಪು ಒಂದು ಚೂರೂ ಬಿಡಲಿಲ್ಲ. ಇದಕ್ಕೆ ಅಕ್ಕನ ಬಟ್ಟೆ ಸಾಬೂನು ಸಾಟಿ ಅಲ್ಲ. ರೇಷ್ಮೆಗೆ ಸಾಬೂನಿನ ಕ್ಷಾರ ಒಳ್ಳೆಯದಲ್ಲ, ಅಕ್ಕನೂ ಅದನ್ನು ಮೊದಲೇ ಹೇಳಿ ಮಾರುತ್ತಾರೆ.

ಅವ್ವನಿಗೆ ನಾನು ಒಂದು ಮಾತು ಹೇಳಿದೆ. ಆ ಅಂಟವಾಳದ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ಸಪಿಂಡಸ್ ಅಂತ ಹೆಸರು. ಪಿಂಡಕ್ಕೂ ಅದಕ್ಕೂ ಸಂಬಂಧ ಇಲ್ಲ. ಸಾಪೋ ಇಂಡಿಕಸ್, ಅಂದರೆ ಹಿಂದೂಸ್ತಾನದ ಸಾಬೂನು, ಎರಡನ್ನೂ ಕೂಡಿಸಿ ಮಾಡಿದ ಹೆಸರು. ಅದರ ನೊರೆಗೆ ಕಾರಣವಾದ ವಸ್ತುವಿನ ಹೆಸರೂ ಸಪೋನಿನ್. ಎಣ್ಣೆ ಮತ್ತು ಸೋಡಾ ಕೂಡಿ ಸಾಬೂನು ಆಗುವುದಕ್ಕೆ ಇಂಗ್ಲಿಷಿನಲ್ಲಿ ಸಪೋನಿಫಿಕೇಶನ್, ನಮ್ಮ ವಿಜ್ಞಾನದ ಪುಸ್ತಕದಲ್ಲಿ ಸಾಬೂನೀಕರಣ. ಅವ್ವ ಕೇಳಿಸಿಕೊಂಡು, “ಹಂಗಾದ್ರ ನನ್ನ ಅಂಟವಾಳನೂ ಸಾಬೂನೇ ಅನ್ನು” ಅಂದಳು. ಹೌದು ಅವ್ವಾ ಅಂದೆ.

ಈಗ ಕುಂದುಕೊರತೆ. ಕುಸುಬಿ ಸಾಬೂನು ಬಚ್ಚಲಲ್ಲಿ ನೀರು ನಿಲ್ಲುವ ಡಬ್ಬಿಯಲ್ಲಿಟ್ಟರೆ ನಾಲ್ಕು ದಿನಕ್ಕೆ ಲೋಳೆ ಆಗುತ್ತದೆ. ಕುಸುಬಿ ಎಣ್ಣೆಯ ಗುಣವೇ ಮೆತ್ತಗೆ ಇರುವುದು, ತೂತಿರುವ ಡಬ್ಬಿ ಬೇಕೇ ಬೇಕು. ಅದೇ ಎಣ್ಣೆ ಬೇಗ ಹಳಸುತ್ತದೆ ಕೂಡ. ನಾನು ತಂದ ಒಂದು ಸಾಬೂನಿನ ಮೇಲೆ ಎರಡು ತಿಂಗಳಿಗೆ ಕಿತ್ತಳೆ ಬಣ್ಣದ ಚುಕ್ಕೆ ಎದ್ದು, ಹಳೇ ಎಣ್ಣೆಯ ಕಮಟು ವಾಸನೆ ಬಂತು. ಅದು ಯಾವಾಗ ಮಾಡಿದ್ದು ಅಂತ ನೋಡೋಣ ಅಂದರೆ ಪೊಟ್ಟಣದ ಮೇಲೆ ತಾರೀಖು ಇಲ್ಲ. ಇದು ನನ್ನ ದೊಡ್ಡ ತಕರಾರು. ಐದು ವಾರ ಕಾದು ಮಾರುವಷ್ಟು ಶಿಸ್ತು ಇರುವವರು ಒಂದು ತಾರೀಖು ಹಾಕಬಾರದೇ? ತೂಕವೂ ಬರೆದಿಲ್ಲ. ನಾನು ಮನೆಯಲ್ಲಿ ತೂಗಿದ ನಾಲ್ಕರಲ್ಲಿ ಮೂರು 100ಕ್ಕಿಂತ ಜಾಸ್ತಿಯೇ ಇದ್ದವು, ಒಂದು 94 ಗ್ರಾಂ ಇತ್ತು. ಆರುತ್ತಾ ನೀರು ಹೋಗಿ ಕಡಿಮೆ ಆಗುತ್ತದೆ, ಸರಿ, ಆದರೂ ಬರೆಯಬೇಕು.

ಚೀಟಿಯ ಇನ್ನೊಂದು ಸಾಲಿನ ಬಗ್ಗೆಯೂ ಹೇಳಬೇಕು. ಯಾವ ಕೆಮಿಕಲ್ಲೂ ಇಲ್ಲ ಅಂತ ಬರೆದಿದ್ದಾರೆ. ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸಾಬೂನೇ ಆಗುವುದಿಲ್ಲ. ಅಳತೆ ಸರಿ ಇದ್ದರೆ ಕೊನೆಗೆ ಆ ಸೋಡಾ ಉಳಿಯುವುದಿಲ್ಲ, ಎಣ್ಣೆಯ ಜೊತೆ ಕೂಡಿ ಸಾಬೂನು ಮತ್ತು ಗ್ಲಿಸರಿನ್ ಆಗಿರುತ್ತದೆ. ಅಷ್ಟನ್ನು ಹಾಗೇ ಬರೆದರೆ ಜನಕ್ಕೆ ನಂಬಿಕೆ ಜಾಸ್ತಿಯೇ ಆಗುತ್ತದೆ. ಅಕ್ಕ ಬಾಯಲ್ಲಿ ಎಲ್ಲವನ್ನೂ ಬಿಚ್ಚಿ ಹೇಳುತ್ತಾರೆ, ಚೀಟಿಯಲ್ಲಿ ಯಾಕೆ ಮುಚ್ಚಬೇಕು?

ಹೋದ ವಾರ ಹೋದಾಗ ಇದನ್ನೆಲ್ಲ ಅಕ್ಕನ ಮುಂದೆಯೇ ಹೇಳಿದೆ. ಹಿಂದೆ ಒಂದು ಮಾತು, ಮುಂದೆ ಒಂದು ಮಾತು ನನಗೆ ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಲಿಲ್ಲ. ಚೀಟಿ ಮಾಡಿಕೊಟ್ಟದ್ದು ಪ್ರಿಂಟಿಂಗ್ ಪ್ರೆಸ್ಸಿನ ಹುಡುಗ, ಮೊಬೈಲಿನಲ್ಲಿ ನೋಡಿ ಬರೆದದ್ದಂತೆ. ಬೆಟ್ಟ ಇಲ್ಲ ಅಂದಾಗ ಮಾತ್ರ ಅವರ ಮುಖ ಸ್ವಲ್ಪ ಸಪ್ಪಗಾಯಿತು. ಆಮೇಲೆ ಕೂದಲಿಗೆ ಹಚ್ಚುವ ಬಣ್ಣದ ಕಥೆ, ಅಲೆಪ್ಪೊ, ಬಿಜಾಪುರದ ದರ್ಬಾರು, ಜಪಾನಿನ ಗುಳ್ಳೆ ಎಲ್ಲ ಹೇಳಿದೆ. ಗಂಡಸರು ತಲೆಗೆ ಹಚ್ಚುತ್ತಿದ್ದರು ಅಂದದ್ದಕ್ಕೆ ಒಳಗಿದ್ದ ತಮ್ಮ ಯಜಮಾನರನ್ನು ಕೂಗಿ ಕರೆದು ಮತ್ತೊಮ್ಮೆ ಹೇಳಿಸಿದರು.

“ಹಂಗಾರ ನೀವ ಬರದ್ ಕೊಡ್ರಲಾ ಟೀಚರ್. ಸಣ್ಣದಾಗಿ, ಆರ ಸಾಲಿನ್ಯಾಗ.”

ಆರು ಸಾಲಿಗೆ ಇಳಿಸಲು ನನಗೆ ಎರಡು ಸಂಜೆ ಬೇಕಾಯಿತು. ಕೊಟ್ಟು ಬಂದಿದ್ದೇನೆ. ತಾರೀಖು ಹಾಕಲು ಒಂದು ರಬ್ಬರ್ ಸ್ಟಾಂಪ್ ಮಾಡಿಸಲು ಹೇಳಿದ್ದೇನೆ, ಮಾಡಿಸುತ್ತೇನೆ ಅಂದಿದ್ದಾರೆ. ಹಳೇ ಚೀಟಿ ಇನ್ನೂ ಒಂದು ಕಟ್ಟು ಉಳಿದಿವೆ, ಎಸೆಯಲು ಅವರಿಗೆ ಮನಸ್ಸಿಲ್ಲ, ಹಾಗಾಗಿ ಈಗ ಬೆಟ್ಟದ ಸಾಲುಗಳ ಮೇಲೆ ಪೆನ್ನಿನಿಂದ ಗೀಟು ಹಾಕಿ ಇಡುತ್ತಿದ್ದಾರೆ. ನಿಮಗೆ ಗೀಟು ಇಲ್ಲದ ಚೀಟಿ ಸಿಕ್ಕರೆ ಅದು ಹಳೇ ಮಾಲು ಅಂತ ತಿಳಿಯಿರಿ. ಕೊಬ್ಬರಿಯದಾದರೆ ಪರವಾಗಿಲ್ಲ, ಕುಸುಬಿಯದಾದರೆ ಬದಲಿಸಿ ಕೇಳಿ, ಕೊಡುತ್ತಾರೆ.